ಹೊಸ ಗಂಡು ಬಂದ ಮಳೆಗಾಲ

ಕಳೆದ ತಿಂಗಳು ಹಳಿಯಾಳದಿಂದ ದಾಂಡೇಲಿಗೆ ಹೊರಟಿದ್ದ ಬಸ್ಸು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಮುಂದೆ ಮುಸುವಗಳ ಹಿಂಡು ರಸ್ತೆ ದಾಟುತ್ತಿತ್ತು. ಕರಿ ಮುಖ, ಬೂದು ಮೈ, ಮೈಗಿಂತ ಉದ್ದದ ಬಾಲ. ಹೊಟ್ಟೆಗೆ ಮರಿ ಅವುಚಿಕೊಂಡ ಹೆಣ್ಣುಗಳು ಮೊದಲು ದಾಟಿದವು. ಕೊನೆಗೆ ದೊಡ್ಡ ಗಂಡೊಂದು ಬಂದು ರಸ್ತೆಯ ನಡುವೆ ಕೂತು ನಮ್ಮ ಬಸ್ಸನ್ನು ಒಮ್ಮೆ ನಿಧಾನವಾಗಿ ನೋಡಿತು. ಪಕ್ಕದಲ್ಲಿದ್ದ ಮುದುಕಿ ಎರಡೂ ಕೈ ಜೋಡಿಸಿ, "ಮಾರುತಿ ದರ್ಶನ ಆತು ನೋಡವ್ವಾ, ಹೊಂಟ ಕೆಲಸ ಆಗತೈತಿ," ಅಂದಳು. ನಾನು ಕೈ ಜೋಡಿಸಲಿಲ್ಲ. ಕಿಟಕಿಯಿಂದ ಮಳೆಗೆ ನೆಂದ ಸಾಗವಾನಿ ತೋಪಿನ ವಾಸನೆ ಒಳಗೆ ಬರುತ್ತಿತ್ತು, ನನಗೆ ಮೈತುಂಬ ಬೆವರು. ಮುದುಕಿ ನನ್ನ ಮುಖ ನೋಡಿ, "ಅಂಜಬ್ಯಾಡ, ಅದೇನೂ ಮಾಡೂದಿಲ್ಲ," ಎಂದು ಸಮಾಧಾನ ಹೇಳಿದಳು. ಏನೂ ಮಾಡುವುದಿಲ್ಲವಂತೆ! ಅದು ಏನು ಮಾಡುತ್ತದೆ ಎಂಬುದನ್ನು ನಾನು ಒಂದಿಡೀ ಮಳೆಗಾಲ ಕೂತು ನೋಡಿದವಳು.

ಆಗ ನನಗೆ ಇಪ್ಪತ್ತೈದು ವರ್ಷ. ನನ್ನ ಗಂಡ ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಕಬ್ಬಿನ ಹಂಗಾಮು ಶುರುವಾಗಿತ್ತು. ದೀಪವಿಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಬೈಕ್ ಗುದ್ದಿ ಸತ್ತುಹೋದ. ನಮ್ಮ ಮಗ ಸಂಗಮೇಶ, ನಮ್ಮ ಸಂಗ್ಯಾ, ಆಗಿನ್ನೂ ಕತ್ತು ನಿಲ್ಲದ ಕೂಸು. ಗಂಡನ ಕಡೆ ಹಿರಿಯರು ಯಾರೂ ಇರಲಿಲ್ಲ. ಇದ್ದೊಬ್ಬ ಭಾವ ಬೆಳಗಾವಿಯಿಂದ ಬಂದು, ಮಣ್ಣು ಮಾಡಿ, ಕಣ್ಣೀರು ಒರೆಸಿಕೊಂಡು ಹೋದವನು ಮತ್ತೆ ಫೋನು ಎತ್ತಲಿಲ್ಲ. ನಾನು ಕೂಸು ಕಟ್ಟಿಕೊಂಡು ಹಳಿಯಾಳಕ್ಕೆ, ಅವ್ವನ ಮನೆಗೆ ಬಂದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪನ ತಮ್ಮ ಶಂಕ್ರಪ್ಪ ಕಾಕಾನೇ ನಮಗೆ ಹಿರಿಯ. ಅವನೂ ಅದೇ ಕಾರ್ಖಾನೆಯವನು, ರಜೆಯ ದಿನ ಬಂದು ಮನೆಯ ಒಳ್ಳೇದು ಕೆಟ್ಟದ್ದು ನೋಡಿ ಹೋಗುತ್ತಿದ್ದ.

ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿದ್ದೆ. ಆ ಪದವಿ ಪೆಟ್ಟಿಗೆಯ ತಳದಲ್ಲಿ ಮದುವೆಯ ಸೀರೆಯ ಜೊತೆ ಬಿದ್ದಿತ್ತು. ಬೇಸಿಗೆಯಲ್ಲಿ ಕಾಲೇಜಿನ ಹಳೆಯ ಪ್ರಾಣಿಶಾಸ್ತ್ರದ ಮೇಡಮ್ ಫೋನ್ ಮಾಡಿದರು. ನಿವೃತ್ತರಾದ ಮೇಲೆ ಅವರಿಗೆ ಮುಸುವಗಳ ಹುಚ್ಚು ಹಿಡಿದಿತ್ತು. ಹಳಿಯಾಳದ ಹೊರಗೆ, ಸಾಗವಾನಿ ತೋಪು ಗೋವಿನಜೋಳದ ಹೊಲಕ್ಕೆ ತಾಗುವಲ್ಲಿ ಒಂದು ಹಿಂಡು ಇತ್ತು. "ಶಿವಲೀಲಾ, ಮನ್ಯಾಗ ಕುಂತು ಅಳಬ್ಯಾಡ. ಬಂದು ಮಂಗ್ಯಾನ ನೋಡು. ಪಗಾರ ಸಣ್ಣದು, ಬಿಸಲು ದೊಡ್ಡದು," ಅಂದರು. ಹೋದೆ. ಅಳುವುದಕ್ಕಿಂತ ಮಂಗ ನೋಡುವುದು ಮೇಲು ಅನ್ನಿಸಿತು, ಸುಳ್ಳೇಕೆ ಹೇಳಲಿ.

ನನ್ನ ಜೊತೆಗೆ ರೋಜಿ ಎಂಬ ಸಿದ್ದಿ ಹೆಂಗಸು. ಅಲ್ಲೇ ಹತ್ತಿರದ ಹಳ್ಳಿಯವಳು, ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ಬಿಟ್ಟರೆ ನಗೆ. ಹಿಂಡಿನ ಒಂದೊಂದಕ್ಕೂ ಹೆಸರಿಟ್ಟವಳು ಅವಳೇ. ಹಿಂಡಿಗೆಲ್ಲ ಒಬ್ಬನೇ ದೊಡ್ಡ ಗಂಡು, ಅವನು ಗೌಡ. ಮೊದಲ ಸಲ ತಾಯಿಯಾಗಿದ್ದ ಎಳೆಯ ಹೆಣ್ಣು ಸಣ್ಣವ್ವ. ಕಿವಿ ಹರಿದಿದ್ದ ಮುದಿ ಹೆಣ್ಣು ಕಿವಿಹರಕಿ. ಸಣ್ಣವ್ವನ ಮರಿ ಕಾಡಿಗೆಯಷ್ಟು ಕಪ್ಪು, ಮುಖ ಮಾತ್ರ ತೆಳು ಕೆಂಪು. ಮುಸುವದ ಮರಿ ಹುಟ್ಟುವಾಗ ಕರಿಬಣ್ಣ, ಬೆಳೆಯುತ್ತ ಬೂದಾಗುತ್ತದೆ. ಆ ಮರಿಯನ್ನು ಸಣ್ಣವ್ವ ಹತ್ತು ನಿಮಿಷ ಕೈಯಲ್ಲಿ ಇಟ್ಟುಕೊಂಡರೆ ಹೆಚ್ಚು. ಉಳಿದ ಹೆಣ್ಣುಗಳು ಸಾಲಾಗಿ ಬಂದು ಕಿತ್ತುಕೊಂಡು ಆಡಿಸುತ್ತಿದ್ದವು, ಒಂದರ ಕೈಯಿಂದ ಇನ್ನೊಂದರ ಕೈಗೆ. ತಾಯಿ ಹಾಯಾಗಿ ಎಲೆ ತಿನ್ನುತ್ತಿದ್ದಳು. ನಮ್ಮ ಓಣಿಯಲ್ಲಿ ಸಂಗ್ಯಾನನ್ನು ಎತ್ತಿಕೊಂಡು ತಿರುಗುವ ಹೆಂಗಸರೇ ನೆನಪಾಗುತ್ತಿದ್ದರು. ಅವ್ವನ ಹತ್ತಿರ ಬಿಟ್ಟು ಬಂದ ಮಗನಿಗಾಗಿ ಎದೆಯಲ್ಲಿ ಹಾಲು ತುಂಬಿ ಕುಪ್ಪಸ ಒದ್ದೆಯಾಗುತ್ತಿತ್ತು.

"ಇವು ನಮ್ಮ ಅಜ್ಜ ಅಜ್ಜಿ ಅಲ್ಲ, ತಿಳೀತ?" ಎಂದು ಮೇಡಮ್ ಮೊದಲ ದಿನವೇ ಗದರಿಸಿದ್ದರು. "ದಾಯಾದಿಗಳು. ಒಂದ ಮನಿ ಇತ್ತು, ಪಾಲಾತು. ಆಗಿ ಎರಡೂವರಿ ಮೂರು ಕೋಟಿ ವರ್ಷ ಆತು. ಚಿಂಪಾಂಜಿ ಜೋಡಿ ಪಾಲಾಗಿದ್ದು ಮೊನ್ನೆ ಮೊನ್ನೆ, ಅರವತ್ತು ಎಪ್ಪತ್ತು ಲಕ್ಷ ವರ್ಷದ ಹಿಂದ. ನಾವು ಎರಡ ಕಾಲ ಮ್ಯಾಲ ಎದ್ದ ನಿಂತದ್ದು, ಬೆಂಕಿ ಹಚ್ಚಿದ್ದು, ಮಾತಾಡಿದ್ದು, ಎಲ್ಲಾ ಆಫ್ರಿಕಾದಾಗ. ಅಲ್ಲಿಂದ ಹೊಂಟು ಊರೂರು ಸೇರಿದಿವಿ." ರೋಜಿ ಇದನ್ನು ಕಿವಿಗೊಟ್ಟು ಕೇಳಿ ಗಂಟು ಹಾಕಿಕೊಂಡಿದ್ದಳು. ಒಂದು ದಿನ ಬೈಕಿನವನೊಬ್ಬ ನಿಂತು, "ನೀವು ಆಫ್ರಿಕಾದವ್ರೇನ್ರಿ?" ಎಂದು ಅವಳನ್ನು ಕೇಳಿದ. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದು ನೂರಾರು ವರ್ಷವಾಯಿತು, ಅವಳ ಅಜ್ಜನ ಅಜ್ಜ ಹುಟ್ಟಿದ್ದೂ ಹಳಿಯಾಳ ತಾಲೂಕಿನಲ್ಲೇ. ರೋಜಿ ಸೊಂಟದ ಮೇಲೆ ಕೈ ಇಟ್ಟು, "ಹೌದ್ರಿ, ನೀವೂ ಅಲ್ಲೇವ್ರ. ನೀವು ಮೊದಲ ಬಿಟ್ಟೀರಿ, ನಾವು ಕಡೀಕ ಬಿಟ್ಟೀವಿ. ಇಷ್ಟ ಫರಕು," ಅಂದಳು. ಅವನು ಗಾಡಿ ಚಾಲೂ ಮಾಡಿ ಹೊರಟೇ ಹೋದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಗಂಡ ಸತ್ತ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು.

ಇತ್ತ ಮನೆಯಲ್ಲಿ ನನ್ನ ಉಡಿಕೆಯ ಮಾತು ನಡೆದಿತ್ತು. ಗಂಡ ಸತ್ತವಳಿಗೆ ನಮ್ಮಲ್ಲಿ ಎರಡನೆಯ ಮದುವೆ ಉಂಟು; ಹಂದರವಿಲ್ಲ, ಬಾಜಾಬಜಂತ್ರಿ ಇಲ್ಲ, ಸಂಜೆ ಹೊತ್ತು ನಾಲ್ಕು ಮಂದಿ ಕೂತು ಸೀರೆ ಉಡಿಸಿ, ಉಡಿ ತುಂಬಿ, ತಾಳಿ ಕಟ್ಟಿಸಿ ಕಳಿಸಿಬಿಡುತ್ತಾರೆ. ಅದೇ ಉಡಿಕೆ. ಹೊರಗಿನವರು ಕೇಳಿದರೆ "ಎಷ್ಟು ಸುಧಾರಿಸಿದ ಮಂದಿ" ಅನ್ನುತ್ತಾರೆ. ಅದರ ಜೊತೆಗಿನ ಇನ್ನೊಂದು ಕಟ್ಟುಪಾಡನ್ನು ಯಾರೂ ಅವರಿಗೆ ಹೇಳುವುದಿಲ್ಲ. ಮೊದಲ ಗಂಡನ ಕೂಸು ತಾಯಿಯ ಹಿಂದೆ ಹೋಗುವಂತಿಲ್ಲ. ಅದು ಅಜ್ಜಿಯ ಹತ್ತಿರವೋ ದೊಡ್ಡಪ್ಪನ ಹತ್ತಿರವೋ ಉಳಿಯಬೇಕು. ತಾಯಿಯ ಉಡಿಕೆಯನ್ನು ಕೂಸು ಕಣ್ಣಿಂದ ನೋಡಲೂಬಾರದು, ನೋಡಿದರೆ ಕೇಡು.

ವರ್ಷದ ಕಾರ್ಯ ಮುಗಿದ ಮೇಲೆ ಉಡಿಕೆ ಎಂದು ಕಾಕಾ ಗೊತ್ತು ಮಾಡಿಬಿಟ್ಟಿದ್ದ. ಗಂಡು ಮುಂಡಗೋಡ ತಾಲೂಕಿನ ಪಾಳಾದವರು, ಹೆಸರು ಫಕ್ಕೀರಪ್ಪ. ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ನೀರಾವರಿ ಹೊಲ, ನಾಲ್ಕು ಎಮ್ಮೆ. "ಸಂಗ್ಯಾನ ಬಿಟ್ಟು ನಾ ಹೆಂಗ ಇರ್ಲಿ?" ಎಂದು ನಾನು ಅತ್ತರೆ ಅವ್ವ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಲೇ, "ಇರ್ತಿ. ಎಲ್ಲಾರೂ ಇರ್ತಾರ," ಅನ್ನುತ್ತಿದ್ದಳು. ಎಂಥ ಕಲ್ಲು ಮನಸ್ಸು ಇವಳದು ಎಂದು ಸಿಟ್ಟು ಬರುತ್ತಿತ್ತು.

ಫಕ್ಕೀರಪ್ಪ ನನ್ನನ್ನು ನೋಡಲು ಬಂದ ದಿನ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ತೆಳ್ಳಗಿನ ಮನುಷ್ಯ, ಮಾತು ಕಮ್ಮಿ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು ನನ್ನನ್ನು ಕೇಳಿದ್ದು ಒಂದೇ, "ಕೂಸು ಎಲ್ಲೈತ್ರಿ?"

"ಅದರ ಚಿಂತಿ ನಿಮಗ ಬ್ಯಾಡ್ರಿ. ಅಜ್ಜಿ ಕಡೆ ಇರತೈತಿ, ಪದ್ಧತಿ ಐತೆಲ್ಲಾ," ಎಂದು ಕಾಕಾ ಅಂದ.

"ಪದ್ಧತಿ ಇರ್ಲಿರಿ. ಕೂಸು ಬರೂದಾದ್ರ ಮಾತ್ರ ನಾ ಉಡಕಿ ಆಗಾಂವ."

ಕಾಕಾನ ಬಾಯಲ್ಲಿದ್ದ ಎಲೆ ಅಡಿಕೆ ಹಾಗೇ ನಿಂತಿತು. ಅವರು ಹೋದ ಮೇಲೆ ಮನೆಯಲ್ಲಿ ದೊಡ್ಡ ಗದ್ದಲ. ಇದೆಂಥ ಗಂಡು? ಸತ್ತವನ ಮಗ ಇವನಿಗೆ ಯಾಕೆ ಬೇಕು? ಹೊಲಕ್ಕೆ ಆಳು ಬೇಕಾಗಿರಬೇಕು, ಮಾಟ ಮಂತ್ರದವನಿರಬೇಕು. ನನಗೆ ಮಾತ್ರ ಒಳಗೊಳಗೇ ಖುಷಿ. ಆ ಖುಷಿ ಮೃಗಶಿರ ಮಳೆ ಬೀಳುವವರೆಗೆ ಇತ್ತು.

ಮಳೆಯ ಜೊತೆ ತೋಪಿಗೆ ಹೊಸ ಗಂಡುಗಳು ಬಂದವು. ಹಿಂಡು ಸಿಗದೆ ಗುಂಪು ಕಟ್ಟಿಕೊಂಡು ತಿರುಗುವ ಪ್ರಾಯದ ಗಂಡು ಮುಸುವಗಳು. ಗೌಡ ಎರಡು ಮೂರು ದಿನ ಕಾದಾಡಿದ. ತೊಡೆ ಸೀಳಿಸಿಕೊಂಡು, ಕುಂಟುತ್ತ ಒಂದು ಮಧ್ಯಾಹ್ನ ಗೋವಿನಜೋಳದೊಳಗೆ ಇಳಿದವನು ತಿರುಗಿ ಬರಲಿಲ್ಲ. ಗೆದ್ದವನು ಜೊತೆಯವರನ್ನೂ ಓಡಿಸಿ ತಾನೊಬ್ಬನೇ ಹಿಂಡು ಹಿಡಿದ. ರೋಜಿ ಅವನಿಗೆ ಹೆಸರಿಡಲಿಲ್ಲ. ಹೊಸಬ ಅಂದಳು, ಅಷ್ಟೆ.

ಮರುದಿನ ಮಳೆ ಬಿಟ್ಟು ಹೊಳವಾಗಿತ್ತು. ಸಣ್ಣವ್ವ ತಗ್ಗು ಕೊಂಬೆಯ ಮೇಲೆ ಕೂತಿದ್ದಳು, ಮರಿ ಎದೆಯಲ್ಲಿತ್ತು. ಹೊಸಬ ಎದುರು ಮರದಿಂದ ಹಾರಿದ್ದೇ ಸಣ್ಣವ್ವನ ಮೇಲೆ ಬಿದ್ದ. ಅವಳು ಕಿರುಚಿದಳು. ಕಿವಿಹರಕಿ, ಆ ಮುದುಕಿ, ಎಲ್ಲಿದ್ದಳೋ ಬಂದು ಅವನ ಬೆನ್ನಿಗೆ ಹತ್ತಿ ಕಚ್ಚಿದಳು. ಇನ್ನೊಂದು ಹೆಣ್ಣೂ ಬಂತು. ಅವನು ಇಬ್ಬರನ್ನೂ ಕೊಡವಿ, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಓಡಿದ. ನಾನು ನಮ್ಮ ಓಣಿಯ ನಾಯಿಗೆ ಬೈಯುವ ಹಾಗೆ "ಏ, ಬಿಡೋ, ಬಿಡೋ" ಎಂದು ಕೂಗುತ್ತ ಕೆಸರಲ್ಲಿ ಓಡಿದೆ. ಮೇಡಮ್ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಅವನು ಮರಿಯನ್ನು ಕೆಳಗೆ ಹಾಕಿದಾಗ ಅದರ ಹೊಟ್ಟೆ ಬಗೆದಿತ್ತು, ಒಂದು ಕೈ ಇನ್ನೂ ಅಲ್ಲಾಡುತ್ತಿತ್ತು.

ಸಣ್ಣವ್ವ ಇಳಿದು ಬಂದು ಅದನ್ನು ಎತ್ತಿಕೊಂಡಳು. ಎರಡು ದಿನ ಹೊತ್ತು ತಿರುಗಿದಳು. ವಾಸನೆ ಹತ್ತಿದ ಮೇಲೆ ಎಲ್ಲಿ ಬಿಟ್ಟಳೋ ಗೊತ್ತಾಗಲಿಲ್ಲ. ಅದೇ ವಾರ ಉಳಿದ ಎರಡು ಮರಿಗಳೂ ಹೋದವು.

"ಯಾಕ್ರಿ ಮೇಡಮ್? ಯಾಕ?" ಎಂದು ನಾನು ಕೇಳಿದೆ. ಶನಿವಾರಕ್ಕೊಮ್ಮೆ ನಾನೇ ಮಾರುತಿಗೆ ಎಣ್ಣೆ ಹಾಕಿ ಬರುತ್ತಿದ್ದವಳು!

ಮೇಡಮ್ ದುರ್ಬೀನು ಕೆಳಗಿಟ್ಟರು. ಆಮೇಲೆ ಹೇಳಿದರು, "ಹಾಲು ಕುಡಿಸೂ ತನಕ ಆ ತಾಯಿ ಬ್ಯಾರೆ ಮರಿಗೆ ಬಸರ ಆಗೂದಿಲ್ಲ. ಇವಗ ಕಾಯಾಕ ಪುರುಸೊತ್ತಿಲ್ಲ, ನಾಳೆ ಇವನ್ನೂ ಯಾರರ ಓಡಸ್ತಾರ. ಹಿಂದಿನವನ ಮರಿ ಹೋದರ ತಾಯಿ ಲಗೂನ ಇವನ ಮರಿ ಹಡೀತಾಳ. ಇಂವ ಇದನ್ನೆಲ್ಲಾ ವಿಚಾರ ಮಾಡಿ ಮಾಡಿಲ್ಲ. ಹಂಗ ಮಾಡಿದವರ ಸಂತಾನ ಉಳದೈತಿ, ಇಂವ ಆ ಸಂತಾನ. ಮುಸುವಗಳೊಳಗ ಹಿಂಗೂ ಆಗತೈತಿ ಅಂತ ಜಗತ್ತಿಗೆ ಮೊದಲ ತಿಳಿದದ್ದ ನಮ್ಮ ಧಾರವಾಡದ ಕಡೀ ಅಡವ್ಯಾಗಿಂದ. ಆಗ ಕೇಳಿದವರು ಯಾರೂ ನಂಬಲಿಲ್ಲ."

ಇದಕ್ಕಿಂತ ಕೆಟ್ಟದ್ದು ಇನ್ನೂ ಇತ್ತು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸಣ್ಣವ್ವ ಹೊಸಬನ ಹತ್ತಿರ ತಾನಾಗಿಯೇ ಹೋದಳು. ಅವನ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ಹೇನು ನೋಡಿದಳು. ಅವನಿಗೆ ಬೆನ್ನು ಕೊಟ್ಟು ತಲೆ ಅಲ್ಲಾಡಿಸಿ ಕರೆದಳು. ಥೂ! ನಾನು ಅಲ್ಲೇ ಬೇಲಿಯ ಬುಡದಲ್ಲಿ ವಾಂತಿ ಮಾಡಿಕೊಂಡೆ. ರೋಜಿ ಬೆನ್ನು ಸವರಿ, "ಅಕಿಗೆ ಬೈಬ್ಯಾಡ, ಪಾಪ, ಅಕೀ ಕೈಯಾಗ ಏನೈತಿ?" ಅಂದಳು. ನಾನು ಬೈದದ್ದು ಸಣ್ಣವ್ವನಿಗಲ್ಲ, ನನಗೆ. ಗಂಡ ಮಣ್ಣಾಗಿ ಇನ್ನೂ ವರ್ಷ ತುಂಬಿರಲಿಲ್ಲ. ನಾನೂ ಹೊಸ ಗಂಡಿನ ಮನೆಗೆ ಹೊರಟಿದ್ದೆ, ಸತ್ತವನ ಮರಿಯನ್ನು ಎದೆಗೆ ಅವುಚಿಕೊಂಡು, ಖುಷಿಯಿಂದ!

ಅಂದಿನಿಂದ ನಿದ್ದೆ ಹಾರಿಹೋಯಿತು. ಕೂಸೂ ಬರಬೇಕು ಎಂದು ಆ ಮನುಷ್ಯ ಯಾಕೆ ಅಂದ? ಪದ್ಧತಿ ಮಾಡಿದ ಹಿರಿಯರು ದಡ್ಡರೇನು? ಹೊಸಬನ ಕೈಗೆ ಸಿಗಬಾರದೆಂದೇ ಕೂಸನ್ನು ಅಜ್ಜಿಯ ಹತ್ತಿರ ಬಿಡಿಸುತ್ತಾರೆ ಎಂದು ನನಗೆ ನಾನೇ ಅರ್ಥ ಮಾಡಿಕೊಂಡೆ. "ಕೂಸೂ ಬರೂದಿಲ್ಲ, ನಾನೂ ಬರೂದಿಲ್ಲ, ಅವರಿಗೆ ಹೇಳಿಬಿಡು," ಎಂದು ಕಾಕಾನಿಗೆ ಅಂದೆ. ಕಾಕಾ ತಲೆ ಚಚ್ಚಿಕೊಂಡ. "ಮಂಗ್ಯಾನ ನೋಡಾಕ ಹೋಗಿ ಮಂಗ್ಯಾನಂಗ ಆಗೀದಿ ನೋಡು," ಎಂದು ಬೈದ.

ಫಕ್ಕೀರಪ್ಪ ಫೋನಿನಲ್ಲಿ ಬಂದ ಮಾತನ್ನು ಒಪ್ಪಲಿಲ್ಲ. ಬೇಡ ಅನ್ನುವುದಾದರೆ ನನ್ನ ಬಾಯಿಂದಲೇ ಕೇಳಬೇಕೆಂದು ಹಳಿಯಾಳಕ್ಕೆ ಹೊರಟು ಬಂದರು. ನನಗೆ ಸುದ್ದಿ ಇಲ್ಲ. ಆ ದಿನ ಮಳೆ ಜೋರಾಗಿ, ತೋಪಿನಿಂದ ಬೇಗ ಮನೆಗೆ ಬಂದೆ. ಬಾಗಿಲಲ್ಲಿ ಗಂಡಸಿನ ಚಪ್ಪಲಿ. ಒಳಗೆ ಪಡಸಾಲೆಯಲ್ಲಿ ಆ ಮನುಷ್ಯ ಮಂಡಿ ಊರಿ ಕೂತಿದ್ದರು. ಅವರ ಎಡಗೈಯ ಮೇಲೆ ನನ್ನ ಸಂಗ್ಯಾ ತಲೆಕೆಳಗಾಗಿ ಜೋತುಬಿದ್ದಿದ್ದ. ಬಲಗೈಯಿಂದ ಅವನ ಬೆನ್ನಿಗೆ ದಬದಬ ಹೊಡೆಯುತ್ತಿದ್ದರು. ಕೂಸಿಗೆ ದನಿಯಿಲ್ಲ, ಮುಖ ನೀಲಿಗಟ್ಟಿತ್ತು.

ನಾನು ಕೂಗಲಿಲ್ಲ, ಕೇಳಲಿಲ್ಲ. ಹಾರಿ ಬಿದ್ದು ಅವರ ಎಡಗೈ ಕಚ್ಚಿದೆ. ಹಲ್ಲು ಚರ್ಮ ದಾಟಿ ಒಳಗೆ ಇಳಿದದ್ದು ಗೊತ್ತಾಯಿತು, ಬಾಯಲ್ಲಿ ರಕ್ತದ ಉಪ್ಪು. ಆ ಮನುಷ್ಯ "ಹಾ" ಅಂದದ್ದು ನಿಜ. ಆದರೆ ಕೈ ಅಲ್ಲಾಡಿಸಲಿಲ್ಲ. ಕೂಸನ್ನು ಬಿಡಲೂ ಇಲ್ಲ, ಹೊಡೆಯುವುದನ್ನು ನಿಲ್ಲಿಸಲೂ ಇಲ್ಲ. ಮತ್ತೊಂದು ಹೊಡೆತಕ್ಕೆ ಸಂಗ್ಯಾನ ಬಾಯಿಂದ ಏನೋ ಹಾರಿ ನೆಲಕ್ಕೆ ಬಿತ್ತು. ಒಂದು ಶೇಂಗಾ ಕಾಳು. ಆಮೇಲೆ ಕೂಸು ಉಸಿರೆಳೆದು ಓಣಿಗೆಲ್ಲ ಕೇಳುವ ಹಾಗೆ ಕಿಟಾರನೆ ಅತ್ತಿತು.

"ಇನ್ನ ಬಿಡ್ರಿ," ಎಂದರು ಫಕ್ಕೀರಪ್ಪ, ನನ್ನ ಹಲ್ಲುಗಳನ್ನು ನೋಡುತ್ತ.

ಅವ್ವ ಚಹಾದ ಬಟ್ಟಲು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಗೋಡೆಯಾಗಿ ನಿಂತಿದ್ದಳು. ಬಂದವರಿಗೆಂದು ತಾಟಿನಲ್ಲಿ ಹುರಿದ ಶೇಂಗಾ ಇಟ್ಟು ಅವಳು ಒಳಗೆ ಹೋಗಿದ್ದಾಗ, ಅಂಬೆಗಾಲಿನ ಹುಡುಗ ಬಂದು ಬಾಯಿಗೆ ಹಾಕಿಕೊಂಡಿದ್ದ. "ಕರಾ ಹುಟ್ಟಿದಾಗ ಉಸರ ಹಿಡೀಲಿಲ್ಲಂದ್ರ ಹಿಂಗ ಮಾಡ್ತೀವ್ರಿ. ಮನಷ್ಯಾರ ಕೂಸಿಗೆ ನಡೀತೈತೋ ಇಲ್ಲೋ ಗೊತ್ತಿರಲಿಲ್ಲ," ಎನ್ನುತ್ತ ಅವರು ಕೈಗೆ ಟವೆಲ್ ಸುತ್ತಿಕೊಂಡರು.

ನಾನು ಕೂಸನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕೂತು, ಅಳುತ್ತಲೇ ಎಲ್ಲ ಹೇಳಿಬಿಟ್ಟೆ. ಗೌಡ, ಹೊಸಬ, ಸಣ್ಣವ್ವ, ಬಗೆದ ಹೊಟ್ಟೆ, ನನ್ನ ಹೆದರಿಕೆ, ಎಲ್ಲ. ಅವರು ಕಣ್ಣು ಅಗಲಿಸಿಕೊಂಡು ಕೇಳಿದರು. "ಮಾರುತಿ ಹಂಗ ಮಾಡಿದ್ನ?" ಎಂದು ಎರಡು ಸಲ ಕೇಳಿದರು. ಕೊನೆಗೆ ನಾನು, "ಬ್ಯಾರೇವನ ಮಗ. ಖರೇ ಹೇಳ್ರಿ, ನಿಮಗ್ಯಾಕ ಬೇಕು ಇಂವ?" ಎಂದು ಕೇಳಿದೆ.

ಅವರು ಬಾಗಿಲ ಕಡೆ ನೋಡುತ್ತ ಹೇಳಿದರು. "ನಮ್ಮವ್ವ ಉಡಕಿ ಆಗಿ ಹೋದಾಗ ನಾ ನಾಕ ವರ್ಷದಾಂವ ಇದ್ನಿ. ನೋಡಬಾರದಂತ ಬೆಲ್ಲಾ ಕೊಟ್ಟು ಬಾಜೂಮನಿ ಕಣಜದ ಖೋಲ್ಯಾಗ ಕುಂಡ್ರಿಸಿದ್ರು. ಬೆಲ್ಲಾ ತಿಂದು ಹೊರಗ ಬಂದ್ರ ಅವ್ವ ಇಲ್ಲ. ಸತ್ತಿದ್ರ ಸತ್ತಾಳಂತಿದ್ನಿ. ಅಕಿ ಮುಂದಿನ ಊರಾಗ ಇದ್ಲು. ಒಂದ್ಸಲ ಸಂತ್ಯಾಗ ಸಿಕ್ಕಿದ್ಲು, ಕಂಕಳಾಗ ಬ್ಯಾರೆ ಕೂಸು. ನನಗ ಎರಡು ಭಜಿ ಕೊಡಿಸಿ, ತಲಿ ಮ್ಯಾಲ ಕೈ ಇಟ್ಟು, ಹೋದ್ಲು. ಆ ಕೂಸಿಗೆ ಇದು ಬ್ಯಾಡ್ರಿ. ನೀವು ನನ್ನ ಬ್ಯಾಡ ಅಂದ್ರೂ ಅಡ್ಡಿಯಿಲ್ಲ. ಬ್ಯಾರೆ ಯಾರನ್ನರ ಆಗ್ರಿ, ಕೂಸಿನ್ನ ಮಾತ್ರ ಬಿಟ್ಟು ಹೋಗಬ್ಯಾಡ್ರಿ."

ಇಷ್ಟು ಹೇಳಿ ಅವರು ಮಳೆಯಲ್ಲೇ ಬಸ್ ಸ್ಟ್ಯಾಂಡಿಗೆ ಹೊರಟರು. ನನಗೆ ಕೂತ ನೆಲ ಅದುರಿದ ಹಾಗಾಯಿತು. ಪದ್ಧತಿ ಕೂಸನ್ನು ಕಾಯುತ್ತದೆ ಎಂದುಕೊಂಡಿದ್ದೆನಲ್ಲ! ತೋಪಿನಲ್ಲಿ ಹೊಸಬ ಮಾಡಿದ ಲೆಕ್ಕವನ್ನೇ ನಾವು ಬೆಲ್ಲ ಕೊಟ್ಟು ಮಾಡುತ್ತಿದ್ದೆವು. ಹಿಂದಿನವನ ಮರಿ ಕಣ್ಣಮುಂದಿನಿಂದ ಹೋಗಬೇಕು, ತಾಯಿ ಖಾಲಿ ಕೈಯಲ್ಲಿ ಹೊಸ ಗಂಡಿನ ಮನೆಗೆ ಬರಬೇಕು. ನಾವು ಹಲ್ಲು ಹಚ್ಚುವುದಿಲ್ಲ, ಅಷ್ಟೇ. ಮಂಗನನ್ನು ನೋಡಿ ವಾಂತಿ ಮಾಡಿಕೊಂಡ ನಾನು ನನ್ನ ಮನೆಯನ್ನು ನೋಡಿಯೇ ಇರಲಿಲ್ಲ.

ಮರುದಿನ ಮೇಡಮ್‌ಗೆ ಎಲ್ಲ ಹೇಳಿದೆ. ಶೇಂಗಾದ ಮಾತು ಬಂದಾಗ ಅವರು ತಮ್ಮ ಗಂಟಲು ಮುಟ್ಟಿ ತೋರಿಸಿದರು. "ಮುಸ್ಯಾನ ಮರಿಗೆ ಧ್ವನಿಪೆಟ್ಟಿಗಿ ಮ್ಯಾಲ ಇರತೈತಿ, ಹಂಗ ಸರಳ ಸಿಗೂದಿಲ್ಲ. ನಮಗ ಅದು ಕೆಳಗ ಇಳದೈತಿ. ಅದರಿಂದ ಇಷ್ಟೆಲ್ಲಾ ಮಾತಾಡ್ತೀವಿ. ಮಾತಾಡೂ ಗಂಟಲದಾಗ ಕಾಳು ಸಿಗತಾವ," ಎಂದರು. ಫಕ್ಕೀರ‍ಪ್ಪನ ಮಾತು ಹೇಳಿದಾಗ ಕೈಯಲ್ಲಿದ್ದ ದುರ್ಬೀನು ಚೀಲಕ್ಕೆ ಹಾಕಿದರು.

"ಹೊಸಬ ಯಾಕ ಕೊಂದ ಅಂತ ಕೇಳಿದ್ದಿ, ನಾ ಉತ್ತರ ಹೇಳಿದ್ನಿ," ಎಂದರು ಆಮೇಲೆ. "ಈ ಮನಷ್ಯಾ ಯಾಕ ಹಿಂಗ ಮಾಡಿದ ಅಂತ ಕೇಳು, ಆಗ ನಾ ತಡವರಸ್ತೀನಿ. ನಮ್ಮ ಕೂಸು ನಡಿಯಾಕ ವರ್ಷ ಬೇಕು, ದುಡಿದು ತಿನ್ನಾಕ ಹದಿನೈದು ಇಪ್ಪತ್ತು ವರ್ಷ ಬೇಕು. ಒಬ್ಬ ತಾಯಿ ಕೈಲೆ ಆಗೂದಲ್ಲ ಅದು. ಹಿಂಗಾಗಿ ಅಜ್ಜಿ, ದೊಡ್ಡವ್ವ, ಕಾಕಾ, ಕಡೀಕ ತಾ ಹುಟ್ಟಿಸದ ಕೂಸಿಗೆ ಅಪ್ಪ ಆಗಾಂವನೂ ನಮ್ಮಾಗ ಹುಟ್ಟಿಕೊಂಡ್ರು ಅಂತ ಪುಸ್ತಕದಾಗ ಬರದಾರ. ಆದ್ರ ಹಲ್ಲು ನಟ್ಟ ಕೈಯಾಗ ಬ್ಯಾರೇವನ ಕೂಸಿನ್ನ ಹಿಡಕೊಂಡು ನಿಂತಾನಲ್ಲ, ಅದು ನನಗ ಪುಸ್ತಕದಿಂದ ಪೂರ್ತಿ ತಿಳಿಯೂದಿಲ್ಲ."

ಅದು ಕೇಳಿ ನನಗೆ ಆದ ದಿಗಿಲು ಮರಿ ಸತ್ತ ದಿನದ ದಿಗಿಲಿಗಿಂತ ಕಮ್ಮಿಯಿರಲಿಲ್ಲ. ಕೊಲ್ಲುವುದಕ್ಕೆ ಕಾರಣ ಸಿಗುತ್ತದೆ. ಇದಕ್ಕೆ ಸಿಗುವುದಿಲ್ಲವೆಂದರೆ ಏನರ್ಥ? ರೋಜಿಗೆ ಮಾತ್ರ ನಮ್ಮಿಬ್ಬರನ್ನೂ ನೋಡಿ ನಗು. ಸತ್ತ ತಂಗಿಯ ಮಗಳನ್ನು ತನ್ನ ಮೂವರ ಜೊತೆ ಸಾಕುತ್ತಿದ್ದವಳು ಅವಳು. "ಇದರಾಗ ವಿಚಾರ ಮಾಡಾಕೇನೈತ್ರಿ ಮೇಡಮ್? ಕೂಸು ಅಳತಿತ್ತು, ಎತಗೊಂಡ್ನಿ," ಅಂದಳು.

ನಾನು ಕಾಕಾನಿಗೆ ಹೇಳಿಬಿಟ್ಟೆ, ಹೋಗುವುದಾದರೆ ಸಂಗ್ಯಾನ ಜೊತೆ, ಫಕ್ಕೀರಪ್ಪನ ಮನೆಗೆ. ಕಾಕಾ ಕೂಗಾಡಿ ಸೋತು ಕಡೆಗೆ ಒಂದು ಕರಾರು ಹಾಕಿದ. ಕೂಸು ಬೇಕಾದರೆ ಹಿಂದಿನಿಂದ ಹೋಗಲಿ, ಉಡಿಕೆಯ ಹೊತ್ತಿಗೆ ಮಾತ್ರ ಎದುರಿಗೆ ಇರಕೂಡದು. ಅಷ್ಟಾದರೂ ಹಿರಿಯರ ಮಾತು ಉಳಿಯಲಿ ಎಂದು ನಾನೂ ಹೂಂಗುಟ್ಟಿದೆ. ಫಕ್ಕೀರಪ್ಪ ಬಂದು ಹೋದ ದಿನದಿಂದ ಅವ್ವ ಸರಿಯಾಗಿ ಉಣ್ಣುತ್ತಿರಲಿಲ್ಲ. ಮೊಮ್ಮಗ ದೂರವಾಗುತ್ತಾನೆ ಎಂಬ ಸಂಕಟ ಎಂದುಕೊಂಡೆ.

ವರ್ಷದ ಕಾರ್ಯ ಮುಗಿಯಿತು, ಮಳೆ ಪೂರ್ತಿ ಹಿಂದೆ ಸರಿಯಿತು. ಉಡಿಕೆಯ ಸಂಜೆ ಪಡಸಾಲೆಯಲ್ಲಿ ಕಂಬಳಿ ಹಾಸಿದರು. ಎರಡೂ ಕಡೆಯ ನಾಲ್ಕಾರು ಮಂದಿ ಕೂತರು. ಸಂಗ್ಯಾನನ್ನು ರೋಜಿಯ ಕೈಗೆ ಕೊಟ್ಟು ಮೂರು ಮನೆ ಆಚೆ ಕಳಿಸಿದ್ದರು. ನನಗೆ ಹಸಿರು ಸೀರೆ ಉಡಿಸಿ, ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು ಹಾಕಿದರು. ಫಕ್ಕೀರಪ್ಪ ಕಂಬಳಿಯ ಅಂಚಿಗೆ ಬಂದವರು ಅಲ್ಲೇ ನಿಂತರು.

"ಕೂಸೆಲ್ಲಿ?"

"ಬರತೈತಿ, ಬರತೈತಿ. ಮೊದಲ ಕುಂಡ್ರಿ ನೀವು," ಎಂದ ಕಾಕಾ. "ಉಡಕಿ ನೋಡಿದ್ರ ಕೂಸಿಗೆ ಕೇಡು. ಇದೊಂದು ಮಾತರ ಕೇಳ್ರಿ."

ಫಕ್ಕೀರಪ್ಪ ಕೂರಲಿಲ್ಲ. ಜಗಳ ಇನ್ನೇನು ಹತ್ತುತ್ತದೆ ಎನ್ನುವಾಗ ಮೂಲೆಯಲ್ಲಿದ್ದ ಅವ್ವ ಎದ್ದು ನಿಂತಳು.

"ನೋಡಲಿ ಬಿಡೋ ಶಂಕ್ರಪ್ಪ," ಅಂದಳು. "ನನ್ನ ಕೂಸು ನೋಡಲಿಲ್ಲ. ಅದಕ್ಕೇನು ಒಳ್ಳೇದಾತು?"

ಕಾಕಾ ತಲೆ ತಗ್ಗಿಸಿಬಿಟ್ಟ. ನನಗೆ ಏನೊಂದೂ ತಿಳಿಯಲಿಲ್ಲ. ಅವ್ವನ ಕೂಸೆಂದರೆ ನಾನೊಬ್ಬಳೇ, ನಾನು ಏನು ನೋಡಬೇಕಿತ್ತು? ಅವ್ವ ನನ್ನ ಕಡೆ ತಿರುಗಿದಳು. ಇಷ್ಟು ವರ್ಷ ರೊಟ್ಟಿ ಬಡಿಯುತ್ತ ಬೆನ್ನು ತೋರಿಸಿ ಮಾತಾಡಿದವಳು ಮುಖ ಕೊಟ್ಟು ಹೇಳಿದಳು.

"ನಿಮ್ಮಪ್ಪಗ ನಾ ಉಡಕಿ ಆಗಿ ಬಂದಾಕಿ. ಮೊದಲಿನ ಗಂಡನ ಊರು ಮಳಗ್ಯಾಗ ನನಗೊಂದು ಹೆಣ್ಣ ಕೂಸಿತ್ತು, ಆಗಿನ್ನ ತೊದಲ ಮಾತಾಡ್ತಿತ್ತು. ಬಾವಿ ನೋಡಿ ಬರೂಣು ಬಾ ಅಂತ ಯಾರೋ ಎತಗೊಂಡು ಹೋದ್ರು. ಅದು ನನಗ ಕೈ ಮಾಡಿ ಟಾಟಾ ಅಂತು. ನಾ ಸೀರಿ ಉಟಗೊಂಡು ಗಾಡಿ ಹತ್ತಿದ್ನಿ."

ಅವ್ವ ತಾನೇ ಹೊರಗೆ ಹೋಗಿ, ಮೂರು ಮನೆ ಆಚೆಯಿಂದ ಸಂಗ್ಯಾನನ್ನು ಎತ್ತಿಕೊಂಡು ಬಂದು, ನನ್ನ ಉಡಿಯೊಳಗೆ ಅಕ್ಕಿಯ ಮೇಲೆ ಕೂಡಿಸಿದಳು. ಫಕ್ಕೀರಪ್ಪ ಆಗ ಕಂಬಳಿಯ ಮೇಲೆ ಕೂತರು. ತಾಳಿ ಕಟ್ಟುವಾಗ ಹುಡುಗ ಅಕ್ಕಿಯನ್ನು ಮುಷ್ಟಿಯಲ್ಲಿ ತುಂಬಿ ತುಂಬಿ ಚೆಲ್ಲುತ್ತಿದ್ದ.

ಎಲ್ಲರೂ ಊಟಕ್ಕೆ ಎದ್ದ ಮೇಲೆ ನಾನು ಅವ್ವನ ಸೆರಗು ಹಿಡಿದು ಕೂರಿಸಿದೆ.

"ಮತ್ತ ಹೋಗಿ ನೋಡಲೇ ಇಲ್ಲೇನಬೇ?"

"ನೋಡಬಾರದಂತಿತ್ತು."

"ಅಕೀ ಹೆಸರೇನು?"

ಅವ್ವ ನನ್ನ ಉಡಿಯಲ್ಲಿದ್ದ ಕೂಸನ್ನೇ ನೋಡುತ್ತ ಹೇಳಿದಳು.

"ಶಿವಲೀಲಾ. ಅಕೀ ಹೆಸರನ್ನ ನಿನಗ ಇಟ್ನಿ. ದಿನಕ್ಕೊಮ್ಮೆರ ಅಕಿನ್ನ ಕರೀಬೇಕಲ್ಲ."